ಸ್ವಿಟ್ಜರ್ಲೆಂಡಿನಲ್ಲಿ ಓಡಾಡುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಅಂಕಣದಲ್ಲಿ ಸ್ವಿಟ್ಜರ್ಲೆಂಡಿನ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದುಹೋಗಿತ್ತು. ಅಷ್ಟಕ್ಕೇ ನಮ್ಮ ಜಿಲ್ಲೆಯ ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಪತ್ರಗಳು ಬಂದಿವೆ. ಬರೆದವರಲ್ಲಿ ಹೆಚ್ಚಿನವರು ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸಿ, ಈಗ ತಾವೂ ಒಮ್ಮೆ ಹೋಗಿಬರಲು ಹೊರಟಿರುವ ತಂದೆತಾಯಿಗಳು. ಮಗಳು ಬರ್ನ್ ನಗರದಲ್ಲಿದ್ದ ಕಾಲದಲ್ಲಿ ನಾನು ಎರಡು ಸಲ ಅಲ್ಲಿಗೆ ಹೋಗಿ ಒಟ್ಟು ಒಂಬತ್ತು ವಾರ ಉಳಿದಿದ್ದೆ. ಮಗಳೂ ಅಳಿಯನೂ ಕಚೇರಿಗೆ ಹೋದ ಮೇಲೆ ಒಬ್ಬನೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. ಕೆಳಗಿನ ಉತ್ತರಗಳು ಬಹುಮಟ್ಟಿಗೆ ಆ ಓಡಾಟದಲ್ಲಿ ಕಲಿತವು. ಟಿಕೆಟ್ ದರಗಳನ್ನು ಬೇಕೆಂದೇ ಬರೆದಿಲ್ಲ. ಅಲ್ಲಿಯ ವೇಳಾಪಟ್ಟಿ ಪ್ರತಿ ಡಿಸೆಂಬರಿನಲ್ಲಿ ಹೊಸದಾಗುತ್ತದೆ, ದರಗಳೂ ಅದರೊಂದಿಗೆ ಏರುವುದುಂಟು; ಹಳೆಯ ಸಂಚಿಕೆ ತೆಗೆದು ಲೆಕ್ಕ ಹಾಕಿದವರಿಗೆ ನನ್ನಿಂದ ಮೋಸವಾಗುವುದು ಬೇಡ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು. ಮಗ ಜ್ಯೂರಿಕ್‌ನಲ್ಲಿದ್ದಾನೆ, ಅವನಿಗೆ ರಜೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ನಾವಿಬ್ಬರೇ ರೈಲು, ಬಸ್ಸುಗಳಲ್ಲಿ ತಿರುಗಾಡಬಹುದೇ? ರೈಲೇ ಇಲ್ಲದ ಊರಿನವರಾದ ನಮಗೆ ದಾರಿಯಲ್ಲಿ ಇಳಿದು ಇನ್ನೊಂದು ರೈಲು ಹಿಡಿಯುವುದೆಂದರೆ ಭಯ. — ದಂಪತಿ, ಶಿರಸಿ

ಉತ್ತರ: ಧಾರಾಳವಾಗಿ ತಿರುಗಾಡಬಹುದು. ಮೊದಲು ದೇಶದ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಿ. ಸ್ವಿಟ್ಜರ್ಲೆಂಡಿನ ವಿಸ್ತೀರ್ಣ 41,285 ಚದರ ಕಿ.ಮೀ.; ನಮ್ಮ ಉತ್ತರ ಕನ್ನಡ ಜಿಲ್ಲೆಯದು ಹತ್ತು ಸಾವಿರಕ್ಕೆ ತುಸು ಹೆಚ್ಚು. ನಮ್ಮಂಥ ನಾಲ್ಕು ಜಿಲ್ಲೆಗಳನ್ನು ಒತ್ತಟ್ಟಿಗೆ ಇಟ್ಟರೆ ಆ ದೇಶವಾಯಿತು. ಅಷ್ಟು ಜಾಗದಲ್ಲಿ ಐದು ಸಾವಿರ ಕಿ.ಮೀ.ಗೂ ಮೀರಿದ ರೈಲುಹಾದಿಯಿದೆ, ಹಾದಿ ಮುಗಿದಲ್ಲಿ ಹಳದಿ ಬಣ್ಣದ ಪೋಸ್ಟ್‌ಬಸ್ ಕಾಯುತ್ತಿರುತ್ತದೆ. ಒಂದು ಕಾಲಕ್ಕೆ ಅಂಚೆಯನ್ನು ಹೊತ್ತು ಹಳ್ಳಿಹಳ್ಳಿಗೆ ಹೋಗುತ್ತಿದ್ದ ಬಸ್ಸುಗಳ ವಂಶದ್ದಾದ್ದರಿಂದ ಅದಕ್ಕೆ ಆ ಹೆಸರು.

ಇಳಿದು ಹತ್ತುವ ಭಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಅರ್ಥವಾದರೆ ಮಿಕ್ಕದ್ದೆಲ್ಲ ಸುಲಭ. ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಇಳಿದು ರೈಲು ಹಿಡಿದ ಅನುಭವ ತಮಗೆ ಇದ್ದೇ ಇರುತ್ತದೆ. ದೇವಿಮನೆ ಘಟ್ಟದಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತಿತೆಂದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಬಸ್ಸಿನ ವೇಳೆಯನ್ನು ನಿಶ್ಚಯಿಸಿದವರು ಒಬ್ಬರು, ರೈಲಿನ ವೇಳೆಯನ್ನು ನಿಶ್ಚಯಿಸಿದವರು ಇನ್ನೊಬ್ಬರು. ಎರಡನ್ನೂ ಕೂಡಿಸುವ ಹೊಣೆ ಪ್ರಯಾಣಿಕನದು. ಸ್ವಿಟ್ಜರ್ಲೆಂಡಿನಲ್ಲಿ ಕೂಡಿಸುವ ಹೊಣೆಯನ್ನು ವೇಳಾಪಟ್ಟಿಯೇ ಹೊತ್ತಿದೆ. 1982ರಲ್ಲಿ ಅವರು ಇಡೀ ದೇಶದ ರೈಲುಗಳನ್ನು ಗಂಟೆಗೊಂದರಂತೆ ಒಂದೇ ನಿಮಿಷಕ್ಕೆ ಹೊರಡುವಂತೆ ಅಳವಡಿಸಿದರು. 1987ರಲ್ಲಿ ಜನಮತ ಪಡೆದು ಇನ್ನೂ ದೊಡ್ಡ ಯೋಜನೆಯೊಂದನ್ನು ಕೈಗೆತ್ತಿಕೊಂಡರು. ಅದರ ಮೊದಲ ಹಂತ ಪೂರ್ಣವಾಗಿ ಜಾರಿಗೆ ಬಂದದ್ದು 2004ರ ಡಿಸೆಂಬರಿನಲ್ಲಿ. ಅದರ ತಿರುಳು ಇಷ್ಟು: ಜ್ಯೂರಿಕ್, ಬರ್ನ್, ಬಾಸೆಲ್‌ನಂಥ ದೊಡ್ಡ ನಿಲ್ದಾಣಗಳನ್ನು ಗಂಟುಗಳೆಂದು ತಿಳಿಯಬೇಕು, ಎಲ್ಲ ದಿಕ್ಕಿನ ರೈಲುಗಳೂ ಗಂಟೆ ತುಂಬುವುದಕ್ಕೆ ಕೆಲವು ನಿಮಿಷ ಮೊದಲು ಅಲ್ಲಿಗೆ ಬಂದು ಸೇರಬೇಕು, ಗಂಟೆ ದಾಟಿದ ಕೆಲವು ನಿಮಿಷಕ್ಕೆ ಅಲ್ಲಿಂದ ಚದುರಬೇಕು, ನಡುವಿನ ಆ ಬಿಡುವಿನಲ್ಲಿ ಜನ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳಬೇಕು. ಹೀಗಾಗಬೇಕಾದರೆ ಗಂಟಿನಿಂದ ಗಂಟಿಗೆ ಪ್ರಯಾಣದ ಅವಧಿ ಒಂದು ಗಂಟೆಗಿಂತ ತುಸು ಕಡಿಮೆಯಿರಬೇಕು. ಅದಕ್ಕಾಗಿ ಹೊಸ ಹಾದಿ ಹಾಕಿ, ಮೊದಲು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜ್ಯೂರಿಕ್–ಬರ್ನ್ ಪ್ರಯಾಣವನ್ನು 56 ನಿಮಿಷಕ್ಕೆ ಇಳಿಸಿದರು. ಇನ್ನೂ ಹದಿನೈದು ನಿಮಿಷ ಉಳಿಸಲು ಹಣ ಸುರಿಯಲಿಲ್ಲ. ಬೇಗ ಬಂದ ರೈಲು ಗಂಟಿನಲ್ಲಿ ಸುಮ್ಮನೆ ಕಾಯಬೇಕಾಗುವಾಗ ಆ ವೇಗದಿಂದ ಯಾರಿಗೂ ಲಾಭವಿಲ್ಲವಲ್ಲ.

ಇದರಿಂದ ತಮಗಾಗುವ ಪ್ರಯೋಜನವೇನೆಂದರೆ, ನೆನಪಿಡಬೇಕಾದದ್ದು ಒಂದು ನಿಮಿಷದ ಅಂಕಿಯನ್ನು ಮಾತ್ರ. ಮಗನ ಮನೆಯ ಹತ್ತಿರದ ನಿಲ್ದಾಣದಿಂದ ರೈಲು ಒಂಬತ್ತು ಗಂಟೆ ಏಳು ನಿಮಿಷಕ್ಕೆ ಹೊರಡುವುದಾದರೆ ಹತ್ತೂ ಏಳಕ್ಕೆ, ಹನ್ನೊಂದೂ ಏಳಕ್ಕೆ ಮತ್ತೆ ಇರುತ್ತದೆ. ದೊಡ್ಡ ಊರುಗಳ ನಡುವೆ ಅರ್ಧ ಗಂಟೆಗೊಂದು ಇರುತ್ತದೆ. ಒಂದು ತಪ್ಪಿದರೆ ದಿನ ಹಾಳಾಗುವುದಿಲ್ಲ, ಒಂದು ಕಾಫಿಯ ಹೊತ್ತು ಹೋಗುತ್ತದೆ ಅಷ್ಟೆ. ಆದ್ದರಿಂದ ನಾಲ್ಕೈದು ನಿಮಿಷದಲ್ಲಿ ಪ್ಲಾಟ್‌ಫಾರಂ ದಾಟಬೇಕಾದಲ್ಲಿ ಓಡಬೇಡಿ. ರೈಲ್ವೆಯ ಆ್ಯಪ್ ಆದ ಎಸ್‌ಬಿಬಿ ಮೊಬೈಲ್‌ನಲ್ಲಿ ಹೊರಡುವ ಊರು, ಸೇರುವ ಊರು ಹಾಕಿದರೆ ಎಲ್ಲಿ ಇಳಿಯಬೇಕು, ಎಷ್ಟನೆಯ ಪ್ಲಾಟ್‌ಫಾರಮ್ಮಿಗೆ ಹೋಗಬೇಕು ಎಂಬುದು ಬಸ್ಸು, ದೋಣಿ, ಹಗ್ಗದ ಗಾಡಿಗಳ (ಕೇಬಲ್ ಕಾರ್) ಸಮೇತ ಬರುತ್ತದೆ. ಮೂರ್ರನ್ ಎಂಬ ಬೆಟ್ಟದ ಹಳ್ಳಿಗೆ ನಾನು ಹೋದಾಗ ಬರ್ನ್‌ನಿಂದ ಇಂಟರ್‌ಲಾಕೆನ್‌ಗೆ ದೊಡ್ಡ ರೈಲು, ಅಲ್ಲಿಂದ ಲೌಟರ್‌ಬ್ರುನೆನ್‌ಗೆ ಸಣ್ಣ ರೈಲು, ಅಲ್ಲಿಂದ ಕಡಿದಾದ ಗೋಡೆಯಂಥ ಬೆಟ್ಟವನ್ನು ಏರುವ ಹಗ್ಗದ ಗಾಡಿ, ಮೇಲೆ ಇನ್ನೊಂದು ಪುಟ್ಟ ರೈಲು, ಹೀಗೆ ನಾಲ್ಕು ವಾಹನಗಳಾದವು. ಟಿಕೆಟ್ ಮಾತ್ರ ಒಂದೇ.

ಅದೇ ದಾರಿಯಲ್ಲಿ ಮೊದಲ ಸಲ ನಾನು ದಾರಿ ತಪ್ಪಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇಂಟರ್‌ಲಾಕೆನ್‌ನಿಂದ ಹೊರಡುವ ಸಣ್ಣ ರೈಲು ದಾರಿಯಲ್ಲಿ ತ್ಸ್ವಾಯ್‌ಲುಚಿನೆನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ: ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್ವಾಲ್ಡ್‌ಗೆ. ಬೋಗಿಯ ಮೇಲಿನ ಫಲಕವನ್ನು ಓದದೆ ಖಾಲಿ ಕಿಟಕಿ ಕಂಡಲ್ಲಿ ಕುಳಿತ ನಾನು ಗ್ರಿಂಡೆಲ್ವಾಲ್ಡ್‌ನಲ್ಲಿ ಇಳಿದೆ. ರೈಲಿನ ಹೆಸರು ಸರಿಯಿದ್ದರೆ ಸಾಲದು, ಬೋಗಿಯೂ ಸರಿಯಾಗಿರಬೇಕು. ಪ್ಲಾಟ್‌ಫಾರಂ ಮೇಲೆ ಎ, ಬಿ, ಸಿ, ಡಿ ಎಂದು ಬರೆದ ಭಾಗಗಳಿರುತ್ತವೆ. ತಮ್ಮ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆ ಎಂದು ಮೇಲಿನ ಫಲಕದಲ್ಲಿ ನೋಡಿಕೊಂಡೇ ಹತ್ತಬೇಕು.

ಪ್ರಶ್ನೆ: ಸ್ವಿಸ್ ಟ್ರಾವೆಲ್ ಪಾಸ್ ತೆಗೆದುಕೊಂಡರೆ ಎಲ್ಲವೂ ಉಚಿತವೆಂದು ಪ್ರವಾಸದ ಏಜೆಂಟರು ಹೇಳುತ್ತಾರೆ. ಬೇರೆಯವರು ಅರ್ಧ ದರದ ಕಾರ್ಡೇ ಸಾಕೆನ್ನುತ್ತಾರೆ. ಯಾವುದು ಸರಿ? ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ? — ನಿವೃತ್ತ ಶಿಕ್ಷಕಿ, ಕುಮಟಾ

ಉತ್ತರ: ಹಿರಿಯರಿಗೆ ಪಾಸಿನಲ್ಲಿ ರಿಯಾಯಿತಿ ಇಲ್ಲ, 25 ತುಂಬದ ಯುವಕರಿಗೆ ಇದೆ. ನಮ್ಮಲ್ಲಿ ಬಸ್ಸು ಹತ್ತಿ ಆಧಾರ್ ಕಾರ್ಡ್ ತೋರಿಸಿ ಕುಳಿತುಕೊಳ್ಳುವ ಅಭ್ಯಾಸವಾಗಿರುವ ತಮಗೆ ಇದು ಬೇಸರ ತರಬಹುದು.

ಪಾಸು 3, 4, 6, 8 ಅಥವಾ 15 ದಿನಗಳದ್ದು. ಆ ದಿನಗಳಲ್ಲಿ ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮು ಎಲ್ಲವನ್ನೂ ಎಷ್ಟು ಸಲ ಬೇಕಾದರೂ ಹತ್ತಬಹುದು, ನೂರಾರು ವಸ್ತುಸಂಗ್ರಹಾಲಯಗಳಿಗೂ ಪ್ರವೇಶವಿದೆ. ಸಾಮಾನ್ಯ ಪಾಸಿನ ದಿನಗಳು ಒಂದರ ಹಿಂದೊಂದು ಸಾಲಾಗಿ ಬರಬೇಕು. ಬಿಡಿಬಿಡಿಯಾಗಿ ಬಳಸುವ ಫ್ಲೆಕ್ಸ್ ಪಾಸು ಬೇರೆ ಇದೆ, ಅದಕ್ಕೆ ಬೆಲೆ ಹೆಚ್ಚು. ಅರ್ಧ ದರದ ಕಾರ್ಡು ಒಂದು ತಿಂಗಳಿಗೆ. ಅದನ್ನು ಇಟ್ಟುಕೊಂಡರೆ ಹೆಚ್ಚುಕಡಿಮೆ ಎಲ್ಲ ಟಿಕೆಟ್ಟೂ ಅರ್ಧ ಬೆಲೆಗೆ ಸಿಗುತ್ತದೆ.

ಏಜೆಂಟರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿ ಬೆಟ್ಟದ ರೈಲುಗಳದ್ದು. ಎಲ್ಲರೂ ನೋಡಬೇಕೆನ್ನುವ ಯುಂಗ್‌ಫ್ರೌಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. 1912ರಲ್ಲಿ ಬೆಟ್ಟದ ಒಡಲನ್ನು ಕೊರೆದು ಅಲ್ಲಿಗೆ ರೈಲು ಒಯ್ದರು. ಪಾಸು ನಿಮ್ಮನ್ನು ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್ ತನಕ ಮಾತ್ರ ಉಚಿತವಾಗಿ ಒಯ್ಯುತ್ತದೆ, ಅಲ್ಲಿಂದ ಮೇಲಕ್ಕೆ ಕಾಲು ಭಾಗವಷ್ಟೇ ರಿಯಾಯಿತಿ. ಅರ್ಧ ದರದ ಕಾರ್ಡಿನವರಿಗೆ ಅದೇ ದಾರಿಯಲ್ಲಿ ಅರ್ಧ ರಿಯಾಯಿತಿ. ದಾರಿಯ ಅತಿ ದುಬಾರಿ ತುಂಡು ಅದೇ ಆದ್ದರಿಂದ ಲೆಕ್ಕ ತಲೆಕೆಳಗಾಗುತ್ತದೆ. ಇನ್ನೊಂದೆಡೆ, ಲುಸರ್ನ್ ಸರೋವರದ ದಂಡೆಯ ರಿಗಿ ಬೆಟ್ಟಕ್ಕೆ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಹತ್ತುವ ಹಲ್ಲುಗಾಲಿಯ ರೈಲು, ಯುರೋಪಿನಲ್ಲೇ ಮೊದಲನೆಯದು, 1871ರದ್ದು, ಪಾಸಿನಲ್ಲಿ ಪೂರ್ತಿ ಸೇರಿದೆ. ಪಿಲಾಟುಸ್, ಟಿಟ್ಲಿಸ್, ಗೋರ್ನರ್‌ಗ್ರಾಟ್‌ಗಳಿಗೆ ಪಾಸಿನಲ್ಲೂ ಅರ್ಧ ದರವೇ.

ನನ್ನ ಅಭಿಪ್ರಾಯ ಕೇಳುವುದಾದರೆ, ಮಕ್ಕಳ ಮನೆಯಲ್ಲಿ ತಿಂಗಳೊಪ್ಪತ್ತು ಉಳಿದು ವಾರಕ್ಕೆ ಎರಡು ಮೂರು ಸಲ ಹೊರಗೆ ಹೋಗುವ ಹಿರಿಯರಿಗೆ ಅರ್ಧ ದರದ ಕಾರ್ಡೇ ಒಳ್ಳೆಯದು. ಪಾಸು ಕೊಂಡವರಿಗೆ ಅದನ್ನು ತೀರಿಸಬೇಕೆಂಬ ಹಟ ಹತ್ತುತ್ತದೆ. ಮಳೆ ಬಂದರೂ, ಕಾಲು ನೋಯುತ್ತಿದ್ದರೂ, ದುಡ್ಡು ಕೊಟ್ಟಾಗಿದೆಯೆಂದು ಹೊರಡುತ್ತಾರೆ. ಹೋಟೆಲಿನಿಂದ ಹೋಟೆಲಿಗೆ ನಾಲ್ಕಾರು ದಿನ ಬಿಡದೆ ಸಾಗುವವರು ಮಾತ್ರ ಪಾಸು ಕೊಳ್ಳಲಿ. ಮೊಮ್ಮಕ್ಕಳು ಜೊತೆಗಿದ್ದರೆ ಆರು ತುಂಬದವರಿಗೆ ಟಿಕೆಟ್ಟೇ ಬೇಕಿಲ್ಲ, ಹದಿನಾರರೊಳಗಿನವರಿಗೆ ತಂದೆ ಅಥವಾ ತಾಯಿ ಪಾಸಿನೊಂದಿಗೆ ಪುಕ್ಕಟೆಯಾಗಿ ಕೊಡುವ ಕುಟುಂಬ ಕಾರ್ಡನ್ನು ಕೇಳಿ ಪಡೆದಿರಬೇಕು. ಇಡೀ ದಿನ ಎಲ್ಲಿ ಬೇಕಾದರೂ ತಿರುಗುವ ಸೇವರ್ ಡೇ ಪಾಸ್ ಎಂಬುದೊಂದಿದೆ. ಅದನ್ನು ಎಷ್ಟು ಮುಂಚಿತವಾಗಿ ಕೊಳ್ಳುತ್ತೇವೋ ಅಷ್ಟು ಅಗ್ಗ, ಅರ್ಧ ದರದ ಕಾರ್ಡು ಇದ್ದರೆ ಇನ್ನೂ ಅಗ್ಗ. ದೂರದ ಪ್ರಯಾಣದ ಒಂದೆರಡು ದಿನಗಳಿಗೆ ಅದನ್ನೇ ಬಳಸಬಹುದು.

ಮತ್ತೊಂದು ಮಾತು. ಹಲವು ಊರುಗಳಲ್ಲಿ ಹೋಟೆಲಿನಲ್ಲಿ ತಂಗಿದವರಿಗೆ ಆ ಊರಿನ ಬಸ್ಸು, ಟ್ರಾಮುಗಳಲ್ಲಿ ಉಚಿತವಾಗಿ ಓಡಾಡುವ ಅತಿಥಿ ಕಾರ್ಡು ಕೊಡುತ್ತಾರೆ. ಬಾಸೆಲ್, ಬರ್ನ್, ಜಿನೀವಾಗಳಲ್ಲಿ ಈ ಪದ್ಧತಿಯಿದೆ. ಕೋಣೆಯ ಕೀಲಿಕೈ ತೆಗೆದುಕೊಳ್ಳುವಾಗಲೇ ಕೇಳಿ.

ಪ್ರಶ್ನೆ: ಕೊಂಕಣ ರೈಲ್ವೆಯಲ್ಲಿ ಕಾರವಾರದಿಂದ ಮಂಗಳೂರಿಗೆ ಹೋಗುವಾಗ ಕ್ರಾಸಿಂಗ್ ಎಂದು ಅರ್ಧ ದಾರಿಯಲ್ಲಿ ನಿಂತು ಬೇಸತ್ತವನು ನಾನು. ಸ್ವಿಟ್ಜರ್ಲೆಂಡಿನ ಬೆಟ್ಟದ ಹಾದಿಗಳೂ ಒಂಟಿ ಹಳಿಯವಂತೆ, ಆದರೂ ಅವು ವೇಳೆಗೆ ಸರಿಯಾಗಿ ಓಡುತ್ತವಂತೆ. ಇದು ನಿಜವೇ? ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ ಹೋಗಬೇಕೋ ಬರ್ನಿನಾ ಎಕ್ಸ್‌ಪ್ರೆಸ್‌ಗೋ? — ಓದುಗರು, ಕಾರವಾರ

ಉತ್ತರ: ಒಳ್ಳೆಯ ಪ್ರಶ್ನೆ. ಆಗ್ನೇಯ ಭಾಗದಲ್ಲಿ ಓಡುವ ರೇಷಿಯನ್ ರೈಲ್ವೆಯ 384 ಕಿ.ಮೀ. ಮೀಟರ್ ಗೇಜ್ ಹಾದಿಯಲ್ಲಿ ಬಹುಪಾಲು ಒಂಟಿ ಹಳಿಯೇ. ಅಲ್ಲಿಯೂ ಕ್ರಾಸಿಂಗ್ ಇದೆ, ಆದರೆ ಅದು ಎಲ್ಲಿ ಆಗಬೇಕೆಂಬುದು ಮೊದಲೇ ಗೊತ್ತು. ಎರಡೂ ದಿಕ್ಕಿನಿಂದ ಗಂಟೆಗೊಂದು ರೈಲು ಅದೇ ಅದೇ ನಿಮಿಷಕ್ಕೆ ಹೊರಟರೆ, ಎದುರುಬದುರಿನ ರೈಲುಗಳು ಪ್ರತಿ ಅರ್ಧ ಗಂಟೆಗೊಮ್ಮೆ ಸಂಧಿಸುತ್ತವೆ, ಸಂಧಿಸುವ ಜಾಗಗಳೂ ಬೆಳಗಿನಿಂದ ರಾತ್ರಿಯವರೆಗೆ ಬದಲಾಗುವುದಿಲ್ಲ. ಜೋಡಿ ಹಳಿಯನ್ನು ಆ ಜಾಗಗಳಲ್ಲಿ ಹಾಕಿದರೆ ಸಾಕು. ಮೊದಲು ಪಟ್ಟಿ ಬರೆದು, ಆಮೇಲೆ ಅದಕ್ಕೆ ಎಷ್ಟು ಹಳಿ ಬೇಕೋ ಅಷ್ಟು ಹಾಕುವ ಕ್ರಮ ಇದು. ಆದರೆ ನಮ್ಮ ಹಾದಿಯನ್ನು ಇದಕ್ಕೆ ಹೋಲಿಸಿ ಬೈಯುವುದು ನ್ಯಾಯವಲ್ಲ. ರೋಹಾದಿಂದ ತೋಕೂರಿನವರೆಗಿನ ಆ ಒಂದೇ ಹಾದಿಯ ಮೇಲೆ ರಾಜಧಾನಿ, ಪ್ಯಾಸೆಂಜರ್, ಗೂಡ್ಸ್, ಲಾರಿಗಳನ್ನು ಹೊತ್ತ ರೋ-ರೋ ಗಾಡಿ ಎಲ್ಲವೂ ತಮ್ಮ ತಮ್ಮ ವೇಗದಲ್ಲಿ ಓಡಬೇಕು. ಒಂದೇ ವೇಗದ ಗಾಡಿಗಳಿಗೆ ಹೆಣೆದ ಪಟ್ಟಿ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿಯೂ ತಡವಾಗುವುದೇ ಇಲ್ಲವೆಂದಲ್ಲ. ಮೂರು ನಿಮಿಷಕ್ಕಿಂತ ಕಡಿಮೆ ತಡವಾದರೆ ಅದನ್ನು ವೇಳೆಗೆ ಬಂದದ್ದೆಂದೇ ಎಣಿಸುತ್ತಾರೆ. ಜರ್ಮನಿಯಿಂದ ಬಹಳ ತಡವಾಗಿ ಬಂದ ರೈಲನ್ನು ಗಡಿಯ ಬಾಸೆಲ್‌ನಲ್ಲೇ ನಿಲ್ಲಿಸಿ, ಒಳಗಿನ ಪ್ರಯಾಣಕ್ಕೆ ತಮ್ಮದೇ ರೈಲು ಓಡಿಸುವುದೂ ಉಂಟು. ಒಂದು ಗಾಡಿಯ ತಡ ಇಡೀ ದೇಶದ ಗಂಟುಗಳಿಗೆ ಅಂಟಬಾರದಲ್ಲವೇ?

ನಿಲ್ದಾಣದ ಗಡಿಯಾರವನ್ನೂ ನೋಡಿ ಬನ್ನಿ. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ಅದಕ್ಕೆ ರೂಪ ಕೊಟ್ಟರು. ಆಮೇಲೆ ಸೇರಿದ ಕೆಂಪು ಸೆಕೆಂಡಿನ ಮುಳ್ಳು ಒಂದು ಸುತ್ತನ್ನು ಸುಮಾರು ಐವತ್ತೆಂಟೂವರೆ ಸೆಕೆಂಡಿಗೇ ಮುಗಿಸಿ, ತುದಿಯಲ್ಲಿ ಒಂದು ಕ್ಷಣ ಉಸಿರು ಹಿಡಿದು ನಿಂತು, ನಿಮಿಷದ ಮುಳ್ಳು ಮುಂದೆ ಹಾರಿದ ಮೇಲೆ ಮತ್ತೆ ಹೊರಡುತ್ತದೆ. ನಾನು ಅದನ್ನು ನೋಡುತ್ತಾ ಒಂದು ರೈಲು ತಪ್ಪಿಸಿಕೊಂಡದ್ದುಂಟು.

ಇನ್ನು ಎರಡು ಎಕ್ಸ್‌ಪ್ರೆಸ್‌ಗಳ ಮಾತು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಜರ್ಮಾಟ್‌ನಿಂದ ಸೇಂಟ್ ಮೋರಿಟ್ಜ್‌ಗೆ ಸುಮಾರು ಎಂಟು ಗಂಟೆಯ ಪ್ರಯಾಣ. 291 ಸೇತುವೆ, 91 ಸುರಂಗಗಳು. ಎಕ್ಸ್‌ಪ್ರೆಸ್ ಎಂಬುದು ಹೆಸರಿಗಷ್ಟೆ. ಬರ್ನಿನಾ ಕೂರ್ ನಗರದಿಂದ ಇಟಲಿಯ ತಿರಾನೊಗೆ ನಾಲ್ಕು ಗಂಟೆಗೆ ಮೀರಿದ ದಾರಿ. ಹಲ್ಲುಗಾಲಿಯ ನೆರವಿಲ್ಲದೆ 2,253 ಮೀಟರ್ ಎತ್ತರದ ಘಟ್ಟವನ್ನು ಹತ್ತಿ ಇಳಿಯುತ್ತದೆ. ಈ ಹಾದಿ 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಬಾಗುತ್ತಾ ಬಂದು ನೇರವಾಗಿ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುವ ನೋಟ ಎರಡೂ ರೈಲುಗಳ ದಾರಿಯಲ್ಲಿ ಸಿಗುತ್ತದೆ. ನಾನಾದರೆ ಬರ್ನಿನಾವನ್ನೇ ಆರಿಸುತ್ತೇನೆ, ಅದೂ ಎಕ್ಸ್‌ಪ್ರೆಸ್‌ನಲ್ಲಿ ಅಲ್ಲ. ಎಕ್ಸ್‌ಪ್ರೆಸ್‌ಗೆ ಪಾಸಿದ್ದರೂ ಆಸನವನ್ನು ಪ್ರತ್ಯೇಕ ಹಣ ಕೊಟ್ಟು ಕಾಯ್ದಿರಿಸಬೇಕು. ಅದೇ ಹಳಿಯ ಮೇಲೆ ಅದೇ ನೋಟದೊಂದಿಗೆ ಸಾಮಾನ್ಯ ರೈಲುಗಳೂ ಓಡುತ್ತವೆ, ಅವಕ್ಕೆ ಕಾಯ್ದಿರಿಸುವ ಗೋಜಿಲ್ಲ, ಮನಸ್ಸು ಬಂದ ಊರಿನಲ್ಲಿ ಇಳಿದು ಮುಂದಿನ ಗಾಡಿಗೆ ಹೋಗಬಹುದು. ತಿರಾನೊ ಬೇರೆ ದೇಶವಾದ್ದರಿಂದ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಈ ಸಣ್ಣ ಹಾದಿಗಳ ಕೆಲವು ನಿಲ್ದಾಣಗಳಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ನಮ್ಮ ಸಾರಿಗೆ ಬಸ್ಸಿನ ಫಲಕಗಳಲ್ಲಿ ‘ಕೋರಿಕೆ ನಿಲುಗಡೆ’ ಎಂದು ಬರೆದಿರುವುದನ್ನು ನೋಡಿದ್ದೀರಲ್ಲ, ಅದೇ ವ್ಯವಸ್ಥೆ ಅಲ್ಲಿ ರೈಲಿಗಿದೆ. ಇಳಿಯುವವರು ಬೋಗಿಯೊಳಗಿನ ಗುಂಡಿಯನ್ನು, ಹತ್ತುವವರು ಪ್ಲಾಟ್‌ಫಾರಮ್ಮಿನ ಗುಂಡಿಯನ್ನು ಒತ್ತಬೇಕು. ಕೈ ಬೀಸಿ ನಿಲ್ಲಿಸುವ ನಮ್ಮ ಟೆಂಪೋ ಪದ್ಧತಿ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ನಾವು ಐದು ಮಂದಿ. ಬಾಡಿಗೆ ಕಾರು ತೆಗೆದುಕೊಂಡರೆ ಅಗ್ಗವಾಗುವುದಿಲ್ಲವೇ? ಅರಬೈಲು ಘಟ್ಟದಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಅನುಭವ ನನಗಿದೆ. — ಓದುಗರು, ಹೊನ್ನಾವರ

ಉತ್ತರ: ಅರಬೈಲಿನಲ್ಲಿ ಓಡಿಸಿದವರಿಗೆ ಆಲ್ಪ್ಸ್‌ನ ತಿರುವುಗಳು ಹೆದರಿಕೆ ಹುಟ್ಟಿಸಲಾರವು. ಹೆದರಿಕೆ ಬೇರೆ ಕಡೆಯಿಂದ ಬರುತ್ತದೆ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬಂದವರಿಗೆ ದಾರಿ ಬಿಡಬೇಕು, ಹಗಲಿನಲ್ಲೂ ದೀಪ ಹಚ್ಚಿರಬೇಕು. ಊರೊಳಗೆ 50, ಹೊರಗೆ 80, ಮೋಟಾರುಹೆದ್ದಾರಿಯಲ್ಲಿ 120 ಕಿ.ಮೀ. ವೇಗದ ಮಿತಿ, ಅದನ್ನು ತುಸು ಮೀರಿದರೂ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಬಾಡಿಗೆಯ ಕಂಪನಿಯ ಮೂಲಕ ಹೊನ್ನಾವರದ ಮನೆಯ ತನಕ ಬೆನ್ನಟ್ಟಿ ಬರಬಹುದು. ಹೆದ್ದಾರಿಗೆ ಟೋಲ್ ನಾಕೆಗಳಿಲ್ಲ, ಬದಲಾಗಿ ವಿನ್ಯೆಟ್ ಎಂಬ 40 ಫ್ರಾಂಕಿನ ವಾರ್ಷಿಕ ರಸ್ತೆ ಶುಲ್ಕದ ಗುರುತು ಇದೆ; ಅಲ್ಲಿಯೇ ಬಾಡಿಗೆಗೆ ಪಡೆದ ಕಾರಿಗೆ ಅದು ಇದ್ದೇ ಇರುತ್ತದೆ, ಜರ್ಮನಿಯಿಂದಲೋ ಇಟಲಿಯಿಂದಲೋ ತಂದ ಕಾರಿಗೆ ನೀವೇ ಕೊಳ್ಳಬೇಕು. ಬೆಟ್ಟದ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಗುರುತು ಕಂಡರೆ ಅದು ಪೋಸ್ಟ್‌ಬಸ್ಸಿನ ದಾರಿ. ಇಕ್ಕಟ್ಟಿನಲ್ಲಿ ಬಸ್ಸು ಎದುರಾದರೆ ಅದರ ಚಾಲಕ ಹೇಳಿದಂತೆ ನೀವು ಹಿಂದಕ್ಕೆ ತೆಗೆದುಕೊಳ್ಳಬೇಕು. ಕುರುಡು ತಿರುವಿನಲ್ಲಿ ಮೂರು ಸ್ವರದ ಹಾರನ್ ಕೇಳಿದರೆ ಬಸ್ಸು ಬಂತೆಂದು ತಿಳಿಯಿರಿ. ಕಾರು ನಿಲ್ಲಿಸುವ ನೀಲಿ ಗೆರೆಯ ಜಾಗಗಳಲ್ಲಿ, ಬಂದ ವೇಳೆಯನ್ನು ತೋರಿಸುವ ರಟ್ಟಿನ ಗಡಿಯಾರವನ್ನು ಗಾಜಿನ ಒಳಗೆ ಇಡಬೇಕು.

ಭಾರತದಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ನಿಮ್ಮ ಆರ್‌ಟಿಒ ಕಚೇರಿಯ ಮೂಲಕ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ; ಬಾಡಿಗೆ ಕಂಪನಿಗಳು ಕೇಳುವುದುಂಟು.

ಇಷ್ಟಾದ ಮೇಲೂ ಕಾರು ಎಲ್ಲಿಗೂ ಹೋಗುವುದಿಲ್ಲ. ಜರ್ಮಾಟ್‌ಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಟೆಶ್ ಎಂಬಲ್ಲಿ ನಿಲ್ಲಿಸಿ ಹನ್ನೆರಡು ನಿಮಿಷ ರೈಲಿನಲ್ಲೇ ಹೋಗಬೇಕು. ವೆಂಗೆನ್, ಮೂರ್ರನ್‌ಗಳ ಕತೆಯೂ ಅದೇ. ಫುರ್ಕಾ, ಗ್ರಿಮ್ಸೆಲ್, ಸುಸ್ಟನ್ ಘಟ್ಟಗಳು ಹಿಮದ ಕಾರಣ ಚಳಿಗಾಲವಿಡೀ ಮುಚ್ಚಿರುತ್ತವೆ. ಫುರ್ಕಾದ ಅಡಿಯ ಸುರಂಗದಲ್ಲಿ ಕಾರುಗಳನ್ನು ರೈಲಿನ ಮೇಲೆ ಹತ್ತಿಸಿ ದಾಟಿಸುತ್ತಾರೆ. ನಮ್ಮ ಕೊಂಕಣ ಹಾದಿಯಲ್ಲಿ 1999ರಿಂದ ಲಾರಿಗಳು ಹೋಗುತ್ತಿರುವ ರೋ-ರೋ ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ನೀವು ಕಾರಿನೊಳಗೇ ಕುಳಿತಿರುತ್ತೀರಿ.

ಐದು ಮಂದಿಗೆ ಕಾರು ಅಗ್ಗವಾಗುವುದು ಒಂದು ಸಂದರ್ಭದಲ್ಲಿ ಮಾತ್ರ: ರೈಲಿನಿಂದ ದೂರದ ಯಾವುದೋ ಕಣಿವೆಯಲ್ಲಿ ಮನೆ ಬಾಡಿಗೆ ಹಿಡಿದು, ಅಡುಗೆ ಮಾಡಿಕೊಂಡು, ವಾರ ಕಳೆಯುವುದಾದರೆ. ಹಾಗಾದರೂ ಎರಡು ದಿನ ಕಾರು, ಉಳಿದ ದಿನ ರೈಲು ಎಂದು ಹಂಚಿಕೊಳ್ಳಿ. ಓಡಿಸುವವನಿಗೆ ಆ ದೇಶದಲ್ಲಿ ರಸ್ತೆಯ ಹೊರತು ಏನೂ ಕಾಣಿಸುವುದಿಲ್ಲ, ಘಟ್ಟದಲ್ಲಿ ಓಡಿಸಿದ ತಮಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ತಾಯಿಗೆ ಮೊಣಕಾಲು ನೋವು. ದೊಡ್ಡ ಸೂಟ್‌ಕೇಸುಗಳೂ ಇವೆ. ರೈಲಿನ ಮೆಟ್ಟಿಲು ಹತ್ತುವುದು ಹೇಗೆ? — ಓದುಗರು, ಯಲ್ಲಾಪುರ

ಉತ್ತರ: ಹೊಸ ರೈಲುಗಳ ಬಾಗಿಲು ಪ್ಲಾಟ್‌ಫಾರಮ್ಮಿನ ಮಟ್ಟಕ್ಕೇ ಇರುತ್ತದೆ, ಹಳೆಯ ಬೋಗಿಗಳಲ್ಲಿ ಎರಡು ಮೂರು ಮೆಟ್ಟಿಲಿರುತ್ತವೆ. ವೇಳಾಪಟ್ಟಿಯಲ್ಲಿ ಗಾಲಿಕುರ್ಚಿಯ ಚಿಹ್ನೆಯಿರುವ ರೈಲನ್ನೇ ಆರಿಸಿಕೊಳ್ಳಿ. ಗಾಲಿಕುರ್ಚಿಯೇ ಬೇಕಾಗುವವರು ರೈಲ್ವೆಯ ಸಹಾಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿದರೆ ಸಿಬ್ಬಂದಿ ಬಂದು ಹತ್ತಿಸುತ್ತಾರೆ. ಆ್ಯಪ್ ತೋರಿಸುವ ಮೊದಲ ಸಂಪರ್ಕ ರೈಲನ್ನು ಬಿಟ್ಟು, ಅದರ ಮುಂದಿನದಕ್ಕೆ ಹೋಗುವುದೆಂದು ಹೊರಡುವ ಮೊದಲೇ ತೀರ್ಮಾನಿಸಿಕೊಂಡರೆ ತಾಯಿಯವರಿಗೂ ನೆಮ್ಮದಿ.

ಸೂಟ್‌ಕೇಸನ್ನು ಒಂದು ನಿಲ್ದಾಣದಲ್ಲಿ ಒಪ್ಪಿಸಿ ಇನ್ನೊಂದು ನಿಲ್ದಾಣದಲ್ಲಿ ಬಿಡಿಸಿಕೊಳ್ಳುವ ಸೇವೆ ಇದೆ. ತಲುಪಲು ಎರಡು ದಿನ ಹಿಡಿಯುವುದರಿಂದ ನಡುವಿನ ದಿನಕ್ಕೆ ಬೇಕಾದ ಬಟ್ಟೆ, ಮುಖ್ಯವಾಗಿ ಔಷಧಿಗಳು, ಕೈಚೀಲದಲ್ಲಿರಲಿ. ಅದಕ್ಕಿಂತ ಸುಲಭವಾದದ್ದು, ಎರಡೇ ಊರುಗಳಲ್ಲಿ ಬಿಡಾರ ಹೂಡಿ ದಿನವೂ ಬರಿಗೈಯಲ್ಲಿ ಹೋಗಿಬರುವುದು. ಬರ್ನ್ ಅಥವಾ ಲುಸರ್ನ್‌ನಲ್ಲಿ ಉಳಿದರೆ ದೇಶದ ಅರ್ಧಕ್ಕಿಂತ ಹೆಚ್ಚು ಭಾಗ ಬೆಳಿಗ್ಗೆ ಹೋಗಿ ರಾತ್ರಿ ಮರಳುವಷ್ಟು ಹತ್ತಿರ.

ಪ್ರಶ್ನೆ: ಅಘನಾಶಿನಿಯಲ್ಲಿ ಬಾರ್ಜ್ ಹತ್ತಿ ದಾಟುವ ನಮ್ಮಂತೆ ಅಲ್ಲಿಯೂ ದೋಣಿಗಳು ನಿತ್ಯದ ಸಾರಿಗೆಯೇ, ಅಥವಾ ಪ್ರವಾಸಿಗರಿಗಷ್ಟೇ? — ಓದುಗರು, ಗೋಕರ್ಣ

ಉತ್ತರ: ಎರಡೂ ಹೌದು. ಜ್ಯೂರಿಕ್ ಸರೋವರದಲ್ಲಿ ಹೋರ್ಗೆನ್–ಮೈಲೆನ್ ನಡುವೆ ಕಾರುಗಳನ್ನೂ ಜನರನ್ನೂ ದಾಟಿಸುವ ಫೆರಿ ನಮ್ಮ ತದಡಿಯ ಬಾರ್ಜಿನ ದೊಡ್ಡಣ್ಣ. ಉಳಿದ ಸರೋವರಗಳ ದೋಣಿಗಳು ಹೆಚ್ಚಾಗಿ ನೋಡುವವರಿಗಾಗಿ ಇದ್ದರೂ, ರೈಲಿನ ಟಿಕೆಟ್ ವ್ಯವಸ್ಥೆಯೊಳಗೇ ಇವೆ. ಲುಸರ್ನ್ ಸರೋವರದಲ್ಲಿ ಐದು ಹಳೆಯ ಉಗಿಹಡಗುಗಳು ಇಂದಿಗೂ ಚಕ್ರ ತಿರುಗಿಸುತ್ತಾ ಓಡುತ್ತವೆ. ‘ಊರಿ’ ಎಂಬುದು 1901ರದ್ದು, ಅದರ ಎಂಜಿನ್ ಕೆಲಸ ಮಾಡುವುದನ್ನು ಮೇಲಿನಿಂದ ಬಗ್ಗಿ ನೋಡಬಹುದು. ಇಂಟರ್‌ಲಾಕೆನ್‌ನಲ್ಲಿ ಮಾತ್ರ ಎಚ್ಚರ: ಥೂನ್ ಸರೋವರದ ದೋಣಿ ಪಶ್ಚಿಮ ನಿಲ್ದಾಣದ ಬಳಿಯಿಂದ, ಬ್ರಿಯೆಂಜ್ ಸರೋವರದ ದೋಣಿ ಪೂರ್ವ ನಿಲ್ದಾಣದ ಬಳಿಯಿಂದ ಹೊರಡುತ್ತದೆ. ಚಳಿಗಾಲದಲ್ಲಿ ದೋಣಿಗಳು ಬಹಳ ವಿರಳ.

ಪ್ರಶ್ನೆ: ಭಾಷೆ ಬಾರದೆ ಆದೀತೇ? — ಓದುಗರು, ಸಿದ್ದಾಪುರ

ಉತ್ತರ: ಆದೀತು. ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾಂಶ್ ಎಂದು ನಾಲ್ಕು ಭಾಷೆಗಳಿರುವ ದೇಶದವರಿಗೆ ಐದನೆಯ ಭಾಷೆಯವರನ್ನು ಸಹಿಸಿಕೊಳ್ಳುವ ಅಭ್ಯಾಸವಿದೆ. ಕೊಂಕಣಿ, ಹವ್ಯಕ, ಮರಾಠಿ, ಕನ್ನಡಗಳ ನಡುವೆ ಬೆಳೆದ ನಮಗೂ ಅದು ವಿಚಿತ್ರವೆನಿಸದು. ಪ್ಲಾಟ್‌ಫಾರಮ್ಮಿಗೆ ಜರ್ಮನ್ ಭಾಗದಲ್ಲಿ ಗ್ಲೈಸ್, ಫ್ರೆಂಚ್ ಭಾಗದಲ್ಲಿ ವುವಾ, ಇಟಾಲಿಯನ್ ಭಾಗದಲ್ಲಿ ಬಿನಾರಿಯೊ ಎನ್ನುತ್ತಾರೆ. ಊರಿನ ಹೆಸರೂ ಭಾಷೆಯೊಂದಿಗೆ ಬದಲಾಗುತ್ತದೆ: ಜಿನೀವಾ ಜರ್ಮನ್ನಿನಲ್ಲಿ ಗೆನ್ಫ್, ಫ್ರೆಂಚಿನಲ್ಲಿ ಜೆನೆವ್, ಬಾಸೆಲ್ ಫ್ರೆಂಚರ ಬಾಯಲ್ಲಿ ಬಾಲ್.

ಪ್ರಶ್ನೆ: ಎರಡು ವರ್ಷದ ಸ್ನಾತಕೋತ್ತರ ಓದಿಗೆ ಲೊಸಾನ್‌ಗೆ ಹೊರಟಿದ್ದೇನೆ, ಸರ್. ಕಡಿಮೆ ಖರ್ಚಿನಲ್ಲಿ ಓಡಾಡಲು ಏನು ಮಾಡಬೇಕು? — ವಿದ್ಯಾರ್ಥಿ, ಭಟ್ಕಳ

ಉತ್ತರ: ನೀನು ಪ್ರವಾಸಿಯಲ್ಲ, ಆದ್ದರಿಂದ ಮೇಲೆ ಹೇಳಿದ ಪಾಸು ನಿನಗೆ ಅನ್ವಯಿಸುವುದಿಲ್ಲ, ಅದು ದೇಶದ ಹೊರಗೆ ನೆಲೆಸಿದವರಿಗೆ ಮಾತ್ರ. ಅಲ್ಲಿ ವಾಸಿಸುವವರಿಗೆ ಹಾಲ್ಬ್‌ಟಾಕ್ಸ್ ಎಂಬ ವಾರ್ಷಿಕ ಅರ್ಧ ದರದ ಕಾರ್ಡಿದೆ, ಬಂದ ವಾರದಲ್ಲೇ ಅದನ್ನು ಮಾಡಿಸಿಕೊ. ಒಂದು ನಿರ್ದಿಷ್ಟ ರೈಲಿಗೆ ಕಟ್ಟುಬಿದ್ದ ಸೂಪರ್‌ಸೇವರ್ ಟಿಕೆಟ್ಟುಗಳು ಜನಸಂದಣಿಯಿಲ್ಲದ ಹೊತ್ತಿನಲ್ಲಿ ಬಹಳ ಅಗ್ಗವಾಗಿ ಸಿಗುತ್ತವೆ, ಆದರೆ ಆ ರೈಲು ನಿನ್ನ ತಪ್ಪಿನಿಂದ ತಪ್ಪಿತೆಂದರೆ ಟಿಕೆಟ್ಟೂ ಹೋದಂತೆ. ಆ್ಯಪ್‌ನ ಈಸಿರೈಡ್‌ನಲ್ಲಿ ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ಬೆರಳು ಜಾರಿಸಿದರೆ ಹೋದ ದೂರಕ್ಕೆ ಅದೇ ಲೆಕ್ಕ ಹಾಕುತ್ತದೆ; ಇಳಿದ ಮೇಲೆ ನಿಲ್ಲಿಸುವುದನ್ನು ಮರೆಯಬೇಡ. ನಿಲ್ದಾಣಗಳಲ್ಲಿ ಟಿಕೆಟ್ ನೋಡುವ ಗೇಟುಗಳಿಲ್ಲವೆಂದು ಟಿಕೆಟ್ ಇಲ್ಲದೆ ಹತ್ತುವ ಧೈರ್ಯವನ್ನು ಯಾರಾದರೂ ಸ್ನೇಹಿತರು ಕೊಟ್ಟಾರು. ತಪಾಸಣೆಯವರು ಸಾದಾ ಉಡುಪಿನಲ್ಲೂ ಬರುತ್ತಾರೆ, ಸಿಕ್ಕಿಬಿದ್ದವರ ಹೆಸರನ್ನು ದಾಖಲಿಸಿಕೊಳ್ಳುತ್ತಾರೆ, ಎರಡನೆಯ ಸಲಕ್ಕೆ ದಂಡ ಏರುತ್ತದೆ. ಊರೊಳಗೆ ಸೈಕಲ್ ಇಟ್ಟುಕೊಳ್ಳುವ ವಿಚಾರವನ್ನು ಲೊಸಾನ್‌ನ ಏರುಗಳನ್ನು ಒಮ್ಮೆ ನಡೆದು ನೋಡಿದ ಮೇಲೆ ಮಾಡು. ಆ ಊರು ದಂಡೆಯಿಂದ ಗುಡ್ಡಕ್ಕೆ ಹತ್ತಿಕೊಂಡಿದೆ, ಅದಕ್ಕೇ ಅಲ್ಲಿ ಮೆಟ್ರೊ ಓಡುತ್ತದೆ.

ಪ್ರಶ್ನೆ: ಹಳ್ಳಿಗಳಲ್ಲಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ತಪ್ಪಿದರೆ ಗತಿ? — ಓದುಗರು, ಅಂಕೋಲಾ

ಉತ್ತರ: ಪೇಟೆಗಳಲ್ಲಿ ಮಧ್ಯರಾತ್ರಿಯವರೆಗೆ ಗಾಡಿಗಳಿರುತ್ತವೆ. ಬೆಟ್ಟದ ಹಳ್ಳಿಗಳಲ್ಲಿ ಕೊನೆಯ ಬಸ್ಸು ಸಂಜೆಯೇ ಹೋಗಿಬಿಡಬಹುದು, ಹಗ್ಗದ ಗಾಡಿ ಅದಕ್ಕಿಂತ ಮೊದಲೇ ನಿಲ್ಲಬಹುದು. ಟ್ಯಾಕ್ಸಿಯೆಂದರೆ ಜೇಬು ಖಾಲಿ. ಬೆಟ್ಟ ಹತ್ತುವ ಮೊದಲೇ ಕೆಳಗಿನ ಫಲಕದಲ್ಲಿ ಇಳಿಯುವ ಕೊನೆಯ ಗಾಡಿಯ ವೇಳೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಅದಕ್ಕಿಂತ ಒಂದು ಗಾಡಿ ಮುಂಚೆಯೇ ಇಳಿಯಿರಿ. ಹಾಗೂ ತಪ್ಪಿತೆಂದರೆ ಹಳದಿ ಬಾಣದ ಗುರುತಿರುವ ಕಾಲುದಾರಿಗಳು ಎಲ್ಲೆಡೆ ಇವೆ, ಕೆಳಗಿನ ಊರಿಗೆ ನಡೆಯಲು ಎಷ್ಟು ಹೊತ್ತು ಬೇಕೆಂಬುದನ್ನೂ ಆ ಬಾಣದ ಫಲಕದ ಮೇಲೆಯೇ ಬರೆದಿರುತ್ತಾರೆ. ಬರೆದದ್ದು ಅಲ್ಲಿಯವರ ನಡಿಗೆಯ ಲೆಕ್ಕ. ನನಗೆ ಅದರ ಒಂದೂವರೆ ಪಟ್ಟು ಹಿಡಿಯಿತು.